ಹೆಸರು ಕೇಳದೆ ತಂದ ಹಾಡು

ಕೆಲವು ವರ್ಷಗಳ ಹಿಂದೆ ಎಂ.ಎ. ಕಿರುಪ್ರಬಂಧವೊಂದರ ಮೌಖಿಕ ಪರೀಕ್ಷೆಗೆ ಪರೀಕ್ಷಕನಾಗಿ ಹೋಗಿದ್ದೆ. ಬೀಸುವ ಹಾಡುಗಳ ಮೇಲಿನ ಪ್ರಬಂಧ. ಕೆಂಪು ರೆಕ್ಸಿನ್ ರಟ್ಟು, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ, ಒಳಗೆ ನೂರಿಪ್ಪತ್ತು ಪುಟ. ಮೊದಲ ಎರಡು ಅಧ್ಯಾಯಗಳನ್ನು ನಾನು ಹಿಂದೆಯೇ ಬೇರೆ ಹಿರಿಯರ ಪುಸ್ತಕಗಳಲ್ಲಿ ಓದಿದ್ದೆ. ಆ ವಾಕ್ಯಗಳ ನಡಿಗೆ ನನಗೆ ಗುರುತಿತ್ತು. ಮೂರನೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ನೆಟ್ಟಗೆ ಕುಳಿತೆ. ಅಲ್ಲೊಂದು ಹಾಡಿತ್ತು. ಯಾವ ಸಂಕಲನದಲ್ಲೂ ನಾನು ಕಂಡಿರದ ಹಾಡು. ಬೆಳಗಿನ ಜಾವ ರಾಗಿಕಲ್ಲಿನ ಮುಂದೆ ಕೂತ ಹೆಣ್ಣುಮಗಳೊಬ್ಬಳು, ತೀರಿಹೋದ ಮಗುವಿನ ಪಾಲಿನ ರಾಗಿಯನ್ನೂ ಮರೆತು ಅಳೆದುಕೊಂಡು, ಆಮೇಲೆ ಅದನ್ನು ಏನು ಮಾಡಲೆಂದು ಕಲ್ಲನ್ನೇ ಕೇಳುವ ಹಾಡು. ಅದರ ಕೆಳಗೆ ಇದ್ದದ್ದು ಎರಡೇ ಪದ: ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ್ದು.

“ಈ ಹಾಡು ಯಾರು ಹೇಳಿದ್ದಪ್ಪಾ?” ಎಂದು ಕೇಳಿದೆ.

“ಒಂದಜ್ಜಿ, ಸರ್.”

“ಅಜ್ಜಿ ಹೆಸರೇನು?”

ಹುಡುಗ ಮಾರ್ಗದರ್ಶಕರ ಮುಖ ನೋಡಿದ. ಮಾರ್ಗದರ್ಶಕರು ಕಿಟಕಿಯ ಕಡೆ ನೋಡಿದರು.

“ಕೇಳ್ಲಿಲ್ಲ, ಸರ್.”

“ಎಷ್ಟು ದಿನ ಹೋಗಿದ್ದೆ ಅವರ ಮನೆಗೆ?”

“ಮೂರು ದಿನ, ಸರ್. ಬೇಡ ಅಂದ್ರೂ ಊಟಕ್ಕೆ ಕೂರಿಸ್ತಿದ್ರು.”

ಮೂರು ದಿನ ಹೋದ. ಮೂರು ದಿನ ಉಂಡ. ಹೆಸರು ಕೇಳಲಿಲ್ಲ. ಆ ಹುಡುಗ ಕೆಟ್ಟವನಲ್ಲ. ಹೇಳುವಾಗ ಅವನ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ. ಹೊರಗೆ ಬರುವಾಗ ಮಾರ್ಗದರ್ಶಕರು ನನ್ನ ಕೈ ಹಿಡಿದು, “ಬಡವರ ಮನೆ ಹುಡುಗ ಸರ್, ಮನೆಯಲ್ಲಿ ಓದಿದವನು ಇವನೊಬ್ಬನೇ” ಎಂದರು. ನಾನು ಸಹಿ ಹಾಕಿದೆ. ಹಾಡು ಹೇಳಿದ ಆ ತಾಯಿಯ ಹೆಸರು ಗೊತ್ತಿಲ್ಲದ ಪುಟಗಳಿಗೆ ನನ್ನ ಹೆಸರನ್ನು, ದಿನಾಂಕ ಸಮೇತ, ಬರೆದು ಬಂದೆ. ಆ ಸಹಿಯ ಭಾರವನ್ನು ಇಷ್ಟು ವರ್ಷ ಹೊತ್ತಿದ್ದೇನೆ. ಅದಕ್ಕೇ ಇವತ್ತು ನಿಮ್ಮ ಮುಂದೆ ಬಂದು ನಿಂತಿದ್ದೇನೆ.

ನಿಮ್ಮ ಮುಂದೆ ಎಂದರೆ ಯಾರ ಮುಂದೆ? ನಾಳೆ ನಾಡಿದ್ದರಲ್ಲಿ ಪ್ರಬಂಧ ಒಪ್ಪಿಸಬೇಕಾದ ವಿದ್ಯಾರ್ಥಿಗಳೇ, ನಿಮ್ಮ ಮುಂದೆ. ಒಪ್ಪಿಸಿದ್ದನ್ನು ಓದದೆ ‘ನೋಡಿದೆ’ ಎಂದು ಗೀಟು ಎಳೆಯುವ ಮೇಷ್ಟ್ರುಗಳೇ, ನಿಮ್ಮ ಮುಂದೆ. ನನ್ನ ಹಾಗೆ ಪರೀಕ್ಷಕರ ಕುರ್ಚಿಯಲ್ಲಿ ಕೂತು, ಕಂಡೂ ಕಾಣದವರಾಗಿ, ಟೀ ಕುಡಿದು ಎದ್ದು ಬಂದವರೇ, ನಿಮ್ಮ ಮುಂದೆ. ನಿಮಗೆ ಗೊತ್ತಿಲ್ಲದ್ದನ್ನು ಹೇಳಲು ನಾನು ಬಂದಿಲ್ಲ. ಇನ್ನೊಬ್ಬರ ವಾಕ್ಯವನ್ನು ಹಾಗೇ ತೆಗೆದುಕೊಂಡರೆ ಉದ್ಧರಣ ಚಿಹ್ನೆಯೊಳಗೆ ಇಡಬೇಕೆಂದು ನಿಮಗೆ ಗೊತ್ತು. ಇನ್ನೊಬ್ಬರ ವಿಚಾರವನ್ನು ನಿಮ್ಮ ಮಾತಿನಲ್ಲಿ ಹೇಳಿದರೂ, ಆ ವಿಚಾರ ಯಾರದೆಂದು ಅಡಿಟಿಪ್ಪಣಿಯಲ್ಲಿ ಹೇಳಬೇಕೆಂದು ನಿಮಗೆ ಗೊತ್ತು. ಪುಟಸಂಖ್ಯೆ ಕೊಡುವುದು ಯಾಕೆಂದೂ ನಿಮಗೆ ಗೊತ್ತು: ಇನ್ನೊಬ್ಬರು ಆ ಬಾಗಿಲವರೆಗೆ ನಡೆದುಹೋಗಿ ತಟ್ಟಲಿ ಎಂದು. ಎಲ್ಲವೂ ಗೊತ್ತಿದೆ. ಗೊತ್ತಿದ್ದೂ ನಾವು ಕಿಟಕಿಯ ಕಡೆ ನೋಡುತ್ತಿದ್ದೇವೆ.

ಗ್ರಂಥಾಲಯದ ಮೇಜಿನ ಮೇಲೆ ಹೆಸರು ಬಿಡುವ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಎಡಗಡೆ ಹಿರಿಯರ ಪುಸ್ತಕ ತೆರೆದಿರುತ್ತದೆ, ಬಲಗಡೆ ಬಿಳಿ ಹಾಳೆ. ಅಲ್ಲಿ ‘ಸ್ತ್ರೀ’ ಎಂದಿದ್ದರೆ ಇಲ್ಲಿ ‘ಮಹಿಳೆ’. ಅಲ್ಲಿ ‘ಆದ್ದರಿಂದ’ ಎಂದಿದ್ದರೆ ಇಲ್ಲಿ ‘ಹೀಗಾಗಿ’. ಅಲ್ಲಿ ‘ವೃಕ್ಷ’ವಿದ್ದರೆ ಇಲ್ಲಿ ‘ಮರ’. ಸಂಸ್ಕೃತದ ಪದಕ್ಕೊಂದು ಅಚ್ಚಗನ್ನಡ, ಅಚ್ಚಗನ್ನಡಕ್ಕೊಂದು ಸಂಸ್ಕೃತ. ನಮ್ಮ ನುಡಿಯ ಈ ಎರಡು ಭಂಡಾರಗಳ ಸಿರಿವಂತಿಕೆಯೇ ಮರೆಮಾಚುವ ಮುಸುಕಾಗಿಬಿಡುತ್ತದೆ. ವಾಕ್ಯದ ಎಲುಬು ಅದೇ, ವಾದದ ದಾರಿ ಅದೇ, ಕೊಟ್ಟ ಉದಾಹರಣೆಯೂ ಅದೇ. ಇದನ್ನು ‘ಸ್ವಂತ ಮಾತಿನಲ್ಲಿ ಬರೆದೆ’ ಎನ್ನುತ್ತೇವೆ.

ನಿಮ್ಮ ಮನೆಯ ಅಡುಗೆಮನೆಯಲ್ಲಿ ಒಂದು ಸ್ಟೀಲಿನ ಪಾತ್ರೆ ಎತ್ತಿ ನೋಡಿ. ಅಂಚಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಕಾಣುತ್ತದೆ. ಯಾರ ಮದುವೆಗೆ, ಯಾವ ಅತ್ತೆ, ಯಾವ ಸೋದರಮಾವ ಕೊಟ್ಟದ್ದೆಂದು ಪಾತ್ರೆಯೇ ಹೇಳುತ್ತದೆ. ಪಕ್ಕದ ಮನೆಯ ನಾಮಕರಣಕ್ಕೆ ಆ ಪಾತ್ರೆ ಹೋದರೂ ಆ ಹೆಸರು ಓದಿಯೇ ಹಿಂದಕ್ಕೆ ತಂದು ಕೊಡುತ್ತಾರೆ. ಎರವಲು ತಂದ ಪಾತ್ರೆಯ ಹೆಸರನ್ನು ಮೊಳೆಯಿಂದ ಕೆರೆದು, ಮೇಲೆ ತನ್ನ ಹೆಸರು ಕೊರೆಸಿಕೊಳ್ಳುವವರನ್ನು ನಿಮ್ಮ ತಾಯಿ ಏನೆಂದು ಕರೆದಾಳು? ಆ ತಾಯಿಯ ಮಕ್ಕಳಲ್ಲವೇ ನಾವು? ಪದ ಬದಲಿಸಿ, ಹೆಸರು ಬಿಟ್ಟು, ಇನ್ನೊಬ್ಬರ ಯೋಚನೆಯನ್ನು ಒಪ್ಪಿಸುವಾಗ ನಮ್ಮ ಕೈಯಲ್ಲಿರುವುದು ಅದೇ ಮೊಳೆ.

ಕನ್ನಡದಲ್ಲಿ ಹೀಗೆ ಹೆಸರು ಹೇಳುವುದು ಹೊಸ ಕಾಯಿದೆಯೆಂದು, ಇಂಗ್ಲಿಷ್ ವಿಶ್ವವಿದ್ಯಾಲಯಗಳಿಂದ ಬಂದ ಆಮದು ಶಿಸ್ತೆಂದು ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ನಂಬಬೇಡಿ. ನಮಗೆ ಸಿಕ್ಕಿರುವ ಮೊಟ್ಟಮೊದಲ ಕನ್ನಡ ಗ್ರಂಥವನ್ನು, ಸುಮಾರು 850ರ ಕವಿರಾಜಮಾರ್ಗವನ್ನು, ಒಮ್ಮೆ ನೆನೆಯಿರಿ. ಅದು ತನಗಿಂತ ಮುಂಚೆ ಬರೆದವರ ಹೆಸರು ಹೇಳುತ್ತದೆ. ಗದ್ಯ ಬರೆದವರು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯ ಬರೆದವರು ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇವರು ಬರೆದ ಕನ್ನಡದ ಒಂದು ಗರಿಯೂ ನಮ್ಮ ಕೈಗೆ ಬಂದಿಲ್ಲ. ಓಲೆ ಹೋಯಿತು, ಗೆದ್ದಲು ತಿಂದಿತು, ನೀರು ಕೊಂಡೊಯ್ಯಿತು, ಏನಾಯಿತೋ. ಅವರಲ್ಲಿ ಬಹುಮಂದಿಯ ಬಗ್ಗೆ ನಮಗೆ ಹೆಸರಿಗಿಂತ ಹೆಚ್ಚೇನೂ ಗೊತ್ತಿಲ್ಲ. ಆ ಹೆಸರಾದರೂ ಉಳಿದದ್ದು ಯಾಕೆ? ಅವರ ಬಳಿಕ ಬಂದವನೊಬ್ಬ ತನಗಿಂತ ಮೊದಲು ಇವರಿದ್ದರು ಎಂದು ಬರೆದಿಟ್ಟದ್ದರಿಂದ. ಸಾವಿರದ ನೂರು ವರ್ಷ ದಾಟಿ ಹತ್ತು ಜನ ಕನ್ನಡಿಗರು ನಮ್ಮವರೆಗೆ ನಡೆದುಬಂದದ್ದು ಇನ್ನೊಬ್ಬನ ಪ್ರಾಮಾಣಿಕತೆಯ ಹೆಗಲ ಮೇಲೆ.

ಮೊದಲನೆಯ ಗುಣವರ್ಮನ ಶೂದ್ರಕ ಹೋಯಿತು, ಹರಿವಂಶ ಹೋಯಿತು. ಅಸಗನ ಕನ್ನಡ ಕಾವ್ಯ ಹೋಯಿತು. ಆದರೆ ಹದಿಮೂರನೆಯ ಶತಮಾನದಲ್ಲಿ ವ್ಯಾಕರಣ ಬರೆಯಲು ಕೂತ ಕೇಶಿರಾಜ, ತನ್ನ ಸೂತ್ರಗಳಿಗೆ ಆಧಾರ ಯಾವ ಯಾವ ಕವಿಗಳ ಪ್ರಯೋಗ ಎಂದು ಶಬ್ದಮಣಿದರ್ಪಣದ ಮೊದಲಲ್ಲೇ ಪಟ್ಟಿ ಹಾಕುತ್ತಾನೆ. ಆ ಪಟ್ಟಿಯಲ್ಲಿ ಗುಣವರ್ಮ, ಅಸಗ ಇಬ್ಬರೂ ಇದ್ದಾರೆ. ಇನ್ನು 941ರಲ್ಲಿ ವಿಕ್ರಮಾರ್ಜುನವಿಜಯ ಬರೆದ ಪಂಪನಿಗೆ ಯಾರ ಭಯವಿತ್ತು? ಮಹಾಭಾರತದ ಕತೆಯನ್ನು ಅಷ್ಟು ಬದಲಿಸಿ, ಅಷ್ಟು ತನ್ನದನ್ನಾಗಿಸಿಕೊಂಡ ಆ ಮಹಾಕವಿ, ವ್ಯಾಸರ ಮಾತೆಂಬ ಕಡಲಿಗೆ ನಾನು ಈಜಲೆಂದು ಇಳಿದಿದ್ದೇನೆ, ಆದರೆ ನಾನೇ ವ್ಯಾಸನೆಂಬ ಗರ್ವ ನನಗಿಲ್ಲ ಎಂಬರ್ಥದ ಮಾತನ್ನು ಕಾವ್ಯದ ಆರಂಭದಲ್ಲೇ ಹೇಳಿಕೊಳ್ಳುತ್ತಾನೆ. ನಾನೀಗ ಪಂಪನ ಪದ್ಯವನ್ನು ಉದ್ಧರಿಸಲಿಲ್ಲ. ನನ್ನ ಮಾತಿನಲ್ಲಿ ಹೇಳಿದೆ. ಯಾರದೆಂದು ಹೇಳಿಯೇ ಹೇಳಿದೆ. ಇಷ್ಟೇ ಅಲ್ಲವೇ ನಾವು ಕೇಳುತ್ತಿರುವುದು? ಪಂಪನಿಗೆ ಚಿಕ್ಕದೆನಿಸದ ಕೆಲಸ ನಮಗೆ ಯಾಕೆ ಚಿಕ್ಕದಾಗಬೇಕು?

ನಕಲು ಮಾಡಿದವರೇ ನಮ್ಮ ಸಾಹಿತ್ಯವನ್ನು ಉಳಿಸಿದವರು, ಇದನ್ನೂ ಹೇಳಬೇಕು. ಓಲೆಗರಿಯ ಮುಂದೆ ಬೆನ್ನು ಬಾಗಿಸಿ, ಕಂಟದಿಂದ ಅಕ್ಷರ ಕೊರೆದು, ಮಸಿ ತೀಡಿ, ಒಂದು ಕಟ್ಟನ್ನು ಎರಡು ಮಾಡಿದ ಲಿಪಿಕಾರರಿಲ್ಲದಿದ್ದರೆ ನಮಗೆ ಪಂಪನೂ ಇರುತ್ತಿರಲಿಲ್ಲ, ವಚನವೂ ಇರುತ್ತಿರಲಿಲ್ಲ. ಅವರು ಅಕ್ಷರ ಅಕ್ಷರ ನಕಲು ಮಾಡಿದರು. ಜೊತೆಗೆ ಅಂಕಿತವನ್ನೂ ಕಾಪಾಡಿದರು. ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆಯದೆಂದು ನಮಗೆ ದೊರೆತಿರುವುದು ಒಂದೇ ಒಂದು ವಚನ. ನಿರ್ಲಜ್ಜೇಶ್ವರ ಎಂಬುದು ಅದರ ಅಂಕಿತ. ಊರು ಕೀಳಾಗಿ ಕಂಡ ವೃತ್ತಿಯ ಹೆಣ್ಣುಮಗಳು, ನಾಲ್ಕೇ ಸಾಲಿನಷ್ಟು ಮಾತು. ಯಾವ ಲಿಪಿಕಾರನಾದರೂ ಕೈಸೋತು, ಅಥವಾ ಇವಳದೇನು ಹೆಸರು ಎಂಬ ಉದಾಸೀನದಿಂದ, ಕೊನೆಯ ಆ ಪದವನ್ನು ಬಿಟ್ಟಿದ್ದರೆ ಅವಳು ಲೋಕದಲ್ಲಿ ಇರಲೇ ಇಲ್ಲವೆಂಬಂತೆ ಆಗಿಬಿಡುತ್ತಿತ್ತು. ಬಿಡಲಿಲ್ಲ ಅವರು. ನೂರಾರು ವರ್ಷ, ಒಂದು ಓಲೆಯಿಂದ ಇನ್ನೊಂದು ಓಲೆಗೆ, ಯಾರೂ ಬಿಡಲಿಲ್ಲ. ಸಂಬಳ ಸಾಲದ, ಹೆಸರು ತಿಳಿಯದ ಆ ಬರಹಗಾರರು ಮಾಡಿದ್ದನ್ನು, ಫೆಲೋಶಿಪ್ಪು ಪಡೆದು, ಲ್ಯಾಪ್‌ಟಾಪು ಇಟ್ಟುಕೊಂಡು, ನಾವು ಮಾಡಲಾರೆವೆ? ಒಂದಜ್ಜಿ, ಸರ್ ಎಂದು ನಾವು ಹೇಳಬಹುದೆ?

ಆ ಅಜ್ಜಿಯ ಕಡೆಯಿಂದ ಒಮ್ಮೆ ನೋಡಿ. ಕಾಲೇಜಿನ ಹುಡುಗ ಮನೆಗೆ ಬಂದ, ಮೊಬೈಲು ಮುಂದೆ ಹಿಡಿದ, ಹಾಡಿಸಿಕೊಂಡ. ಅತ್ತೆಯಿಂದ ಕಲಿತದ್ದನ್ನು, ಅತ್ತೆಯ ಮೇಲೆ ಸಿಟ್ಟು ಬಂದಾಗ ತಾನೇ ಸೇರಿಸಿದ್ದನ್ನು, ಯಾರಿಗೂ ಹೇಳದೆ ಕಲ್ಲಿಗೆ ಮಾತ್ರ ಹೇಳಿದ್ದನ್ನು ಅವಳು ಹೇಳಿದಳು. ಮನೆಯ ಆಸ್ತಿಪತ್ರದಲ್ಲಿ ಅವಳ ಹೆಸರಿಲ್ಲ. ಊರ ಶಾಲೆಯ ದಾಖಲಾತಿಯಲ್ಲಿ ಇಲ್ಲ, ಹೋಗಿಯೇ ಇಲ್ಲವಲ್ಲ. ಊರಲ್ಲಿ ಅವಳು ಇಂಥವನ ಹೆಂಡತಿ, ಇಂಥವನ ತಾಯಿ. ಜನ್ಮದಲ್ಲಿ ಒಂದೇ ಒಂದು ಸಲ ಅವಳ ಹೆಸರು ಅವಳ ಹಾಡಿನ ಜೊತೆ ಅಚ್ಚಕ್ಷರದಲ್ಲಿ ಮೂಡುವ ಅವಕಾಶ ಬಂದಿತ್ತು, ನಮ್ಮ ವಿಶ್ವವಿದ್ಯಾಲಯದ ಒಂದು ಪ್ರಬಂಧದಲ್ಲಿ, ಹಾಡಿನ ಕೆಳಗೆ, ಎರಡು ಬೆರಳಿನಷ್ಟು ಜಾಗದಲ್ಲಿ. ಅಲ್ಲಿ ನಾವು ‘ಕ್ಷೇತ್ರಕಾರ್ಯ’ ಎಂದು ಬರೆದೆವು. ಅವಳು ಬಂದು ಕೇಳುವುದಿಲ್ಲ. ಓದು ಬಾರದು, ಕೇಳುವುದು ಹೇಗೆ? ಕೇಳದವರಿಂದ ಕಸಿಯುವುದಕ್ಕೆ ಧೈರ್ಯ ಬೇಕಿಲ್ಲ. ಅದಕ್ಕೇ ನನಗೆ ನಾಚಿಕೆ.

ಜಾನಪದದ ವಿದ್ಯಾರ್ಥಿಗೆ ‘ವಕ್ತೃ’ ಎಂಬ ಪದ ಮೊದಲ ವರ್ಷದಲ್ಲೇ ಕಲಿಸುತ್ತೇವೆ. ಹಾಡು ಹೇಳಿದವರ ಹೆಸರು, ವಯಸ್ಸು, ಊರು, ಯಾರಿಂದ ಕಲಿತರು, ಯಾವಾಗ ಹಾಡುತ್ತಾರೆ, ಎಲ್ಲವನ್ನೂ ಬರೆಯಿರಿ ಎಂದು ಪಾಠ ಹೇಳುತ್ತೇವೆ. ಹಾಗೆ ಮಾಡಿದವರೂ ಇದ್ದಾರೆ. ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ ತುಳುವಿನ ಸಿರಿ ಮಹಾಕಾವ್ಯವನ್ನು ದಾಖಲಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಹೆಲ್ಸಿಂಕಿಯಲ್ಲಿ ಪ್ರಕಟವಾದಾಗ, ಹಾಡಿದ ಗೋಪಾಲ ನಾಯ್ಕರ ಹೆಸರು ಎಲ್ಲಿತ್ತು? ಕೊನೆಯ ಪುಟದ ಕೃತಜ್ಞತೆಯಲ್ಲಿ ಅಲ್ಲ, ಅಡಿಟಿಪ್ಪಣಿಯಲ್ಲಿ ಅಲ್ಲ; ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯ ಎಂದು ಪುಸ್ತಕದ ಶೀರ್ಷಿಕೆಯಲ್ಲೇ ಇತ್ತು. ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದುಬರಹ ಬರುತ್ತಿರಲಿಲ್ಲ. ಕೃಷ್ಣಮೂರ್ತಿ ಹನೂರರು ಅವಳ ಹಾಡುಗಳನ್ನು ಕೇಳಿ, ಬರೆದು, ಅವಳ ಹೆಸರಿನೊಂದಿಗೇ ನಾಡಿಗೆ ಕೊಟ್ಟರು. ನಾಡು ಅವಳನ್ನು ಕವಿಯೆಂದು ಕಂಡಿತು. ಯೋಚಿಸಿ: ಹನೂರರು ಹೆಸರು ಕೇಳದೆ ಎದ್ದು ಬಂದಿದ್ದರೆ ಅವಳೂ ‘ಒಂದಜ್ಜಿ’ಯೇ ಆಗಿರುತ್ತಿದ್ದಳು. ಪುಸ್ತಕದಿಂದ ತಂದವರೂ ಮೂಲವನ್ನು ಮರೆಸಲಿಲ್ಲ: ಬಿ.ಎಂ.ಶ್ರೀ. ಅವರು 1926ರಲ್ಲಿ ಹೊಸಗನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿದ ತಮ್ಮ ಪುಸ್ತಕಕ್ಕೆ ‘ಇಂಗ್ಲಿಷ್ ಗೀತಗಳು’ ಎಂದು ಹೆಸರಿಟ್ಟರು. ಎಲ್ಲಿಂದ ತಂದೆ ಎನ್ನುವುದನ್ನು ರಟ್ಟಿನ ಮೇಲೆ ಬರೆದುಕೊಂಡದ್ದರಿಂದ ಶ್ರೀಯವರು ಸಣ್ಣವರಾದರೆ?

ಈಗ ತರಗತಿಯ ಹಿಂದಿನ ಬೆಂಚಿನ ಕಡೆ ಬನ್ನಿ. ಅಲ್ಲೊಬ್ಬಳು ಹುಡುಗಿ ಇದ್ದಾಳೆ. ನಿಮ್ಮ ತರಗತಿಯಲ್ಲೂ ಇದ್ದಾಳೆ, ನೆನಪಿಸಿಕೊಳ್ಳಿ. ಬೆಳಿಗ್ಗೆ ಎರಡು ಬಸ್ಸು ಹಿಡಿದು ಬರುತ್ತಾಳೆ. ಅವಳ ಪ್ರಬಂಧದಲ್ಲಿ ವಾಕ್ಯಗಳು ಕುಂಟುತ್ತವೆ, ಒತ್ತಕ್ಷರ ಬಿಟ್ಟುಹೋಗುತ್ತದೆ, ವಾದ ಮಧ್ಯದಲ್ಲಿ ದಾರಿ ತಪ್ಪಿ ಮತ್ತೆ ಬರುತ್ತದೆ. ಆದರೆ ಪ್ರತಿಯೊಂದು ವಾಕ್ಯವೂ ಅವಳದು. ಎರವಲು ತಂದಲ್ಲಿ ಹೆಸರು ಬರೆದಿದ್ದಾಳೆ, ಪುಟ ಬರೆದಿದ್ದಾಳೆ, ಅಡಿಟಿಪ್ಪಣಿಯ ಅಂಕಿಯನ್ನು ಸಾಲಿನ ಮೇಲೆ ಪುಟ್ಟದಾಗಿ, ಜೋಪಾನವಾಗಿ ಇಟ್ಟಿದ್ದಾಳೆ. ಅವಳ ಪಕ್ಕದವನು ಸೀನಿಯರ್‌ನ ಪ್ರಬಂಧದ ಫೈಲು ತಂದು, ರಕ್ಷಾಪುಟ ಬದಲಿಸಿ, ಡಿ.ಟಿ.ಪಿ. ಅಂಗಡಿಯಲ್ಲಿ ಊರಿನ ಹೆಸರು ತಿದ್ದಿಸಿ ಒಪ್ಪಿಸಿದ್ದಾನೆ. ಅವನ ಭಾಷೆ ನೀರಿನ ಹಾಗೆ ಹರಿಯುತ್ತದೆ, ಯಾಕೆಂದರೆ ಅದು ಅವನದಲ್ಲ. ಅವನಿಗೆ ಎಂಬತ್ತು, ಅವಳಿಗೆ ಐವತ್ತೆರಡು. ಅಂಕಪಟ್ಟಿ ಹಿಡಿದು ಅವಳು ಕಾರಿಡಾರಿನಲ್ಲಿ ನಿಂತಾಗ ಏನು ಕಲಿತಳು? ನಾವು ಒಂದು ಮಾತನ್ನೂ ಆಡದೆ ಕಲಿಸಿದ ಆ ಪಾಠವನ್ನು ಅವಳು ಜೀವಮಾನದಲ್ಲಿ ಮರೆಯುವುದಿಲ್ಲ. ಮುಂದಿನ ವರ್ಷ ಅವಳೂ ಫೈಲು ಕೇಳಿಕೊಂಡು ಬಂದರೆ, ದಯವಿಟ್ಟು, ಬೈಯಬೇಡಿ. ಆ ದಿನ ನಿಮ್ಮ ಕಣ್ಣು ಕಿಟಕಿಯ ಕಡೆ ಇತ್ತು.

ಫೈಲು ತಂದ ಆ ಹುಡುಗನೂ ನಷ್ಟಪಟ್ಟವನೇ. ಸುಂದರವಾದ ನೂರು ಪುಟ ಅವನ ಹೆಸರಿನಲ್ಲಿದೆ, ಅದರಲ್ಲಿ ಒಂದು ಪುಟವೂ ಅವನ ದನಿಯಲ್ಲಿಲ್ಲ. ಅವನ ಊರಲ್ಲಿ, ಅವನ ಮನೆಯ ಮಾತಿನಲ್ಲಿ, ಪುಸ್ತಕದಲ್ಲಿಲ್ಲದ ಏನೋ ಒಂದು ಅವನಿಗೆ ಗೊತ್ತಿತ್ತು. ಅದನ್ನು ಹೇಳಲು ಅವನಿಗೊಂದು ಸಲ ಜಾಗ ಸಿಕ್ಕಿತ್ತು. ಆ ಜಾಗವನ್ನು ಇನ್ನೊಬ್ಬರ ಮಾತು ತುಂಬಿತು. ಕದ್ದದ್ದು ಸಿಕ್ಕಿಬೀಳುತ್ತದೋ ಇಲ್ಲವೋ. ಆಡದೇ ಉಳಿದ ಆ ಮಾತು ಮಾತ್ರ ಮತ್ತೆ ಸಿಗುವುದಿಲ್ಲ.

ಇನ್ನೊಂದು ಹಾನಿ ಇದೆ. ಅದು ನಿಧಾನವಾದದ್ದು, ಕಣ್ಣಿಗೆ ಬೀಳದ್ದು. ಮೂಲವನ್ನು ತೆರೆಯದೆ, ಯಾರೋ ಕೊಟ್ಟ ಅಡಿಟಿಪ್ಪಣಿಯನ್ನು ಅದೇ ಪುಟಸಂಖ್ಯೆ ಸಮೇತ ನಮ್ಮ ಅಡಿಟಿಪ್ಪಣಿಯಾಗಿ ಇಳಿಸಿಕೊಳ್ಳುತ್ತೇವೆ. ಮೊದಲಿನವರು ಶಾಸನದ ಇಸವಿಯೊಂದನ್ನು ತಪ್ಪಾಗಿ ಓದಿದ್ದರೆ ಆ ತಪ್ಪು ಎರಡನೆಯವರಿಗೆ, ಅವರಿಂದ ಮೂರನೆಯವರಿಗೆ. ಹತ್ತು ಪ್ರಬಂಧಗಳಲ್ಲಿ ಇದ್ದದ್ದರಿಂದ ಅದು ಸತ್ಯವೆಂದಾಗುತ್ತದೆ, ಪಠ್ಯಪುಸ್ತಕಕ್ಕೆ ಹೋಗುತ್ತದೆ, ಮಗುವೊಂದು ಅದನ್ನು ಬಾಯಿಪಾಠ ಮಾಡುತ್ತದೆ. ಎಲ್ಲಿ ತಪ್ಪಿತೆಂದು ಹುಡುಕಿ ಹೊರಟವನಿಗೆ ಹಿಂದಕ್ಕೆ ಹೋಗುವ ಹಾದಿ ಇರುವುದಿಲ್ಲ. ಎಲ್ಲರೂ ಹೆಜ್ಜೆ ಗುರುತು ಅಳಿಸುತ್ತ ನಡೆದಿದ್ದೇವೆ. ಬೇರೆಯವರ ಪುಸ್ತಕದಲ್ಲಿ ಕಂಡದ್ದಾದರೆ ‘ಇಂಥವರ ಪುಸ್ತಕದಲ್ಲಿ ಉಲ್ಲೇಖಿತ’ ಎಂದು ಬರೆಯುವುದಕ್ಕೆ ಎಷ್ಟು ಮಸಿ ಬೇಕು?

ಕಾನೂನಿದೆ, ನನಗೆ ಗೊತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮ ಮಾಡಿತು. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. 40ರಿಂದ 60 ಆದರೆ ಒಂದು ವರ್ಷ ಒಪ್ಪಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಒಳ್ಳೆಯದೇ. ಹೆಸರು ಹೇಳಿ ಉದ್ಧರಿಸಿದ ಭಾಗವನ್ನು ಆ ಲೆಕ್ಕಕ್ಕೆ ಹಿಡಿಯಬಾರದೆಂದೂ ಅದೇ ನಿಯಮ ಹೇಳುತ್ತದೆ, ಅದನ್ನು ಎಷ್ಟು ಜನ ವಿದ್ಯಾರ್ಥಿಗಳಿಗೆ ತಿಳಿಸಿದ್ದೇವೆ? ನಿಯಮ ಬಂದಮೇಲೆ ನಮ್ಮ ಕಾರಿಡಾರುಗಳಲ್ಲಿ ಕೇಳಿಬಂದ ಮಾತು ‘ಹೆಸರು ಹೇಳು’ ಎಂದಾಗಲಿಲ್ಲ, ‘ಹತ್ತರೊಳಗೆ ಇಳಿಸು’ ಎಂದಾಯಿತು. ಇಳಿಸುವುದು ಹೇಗೆಂದು ಎಲ್ಲರಿಗೂ ಗೊತ್ತು. ಇಂಗ್ಲಿಷಿನ ಪುಸ್ತಕವನ್ನು ಕನ್ನಡಕ್ಕೆ ತಂದು ಹೆಸರು ಬಿಟ್ಟರೆ ಪದಕ್ಕೆ ಪದ ಹೊಂದಿಸಿ ನೋಡುವ ತಂತ್ರಾಂಶಕ್ಕೆ ಅದರ ಸುಳಿವು ಸಿಗುವುದು ಕಷ್ಟ. ಹಳೆಯ ‘ನುಡಿ’, ‘ಬರಹ’ ಅಕ್ಷರಶೈಲಿಗಳಲ್ಲಿ ಟೈಪಾದ ಪುಟ ಯುನಿಕೋಡ್ ಅಲ್ಲದ್ದರಿಂದ ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಎಷ್ಟೋ ಹಳೆಯ ಕನ್ನಡ ಪ್ರಬಂಧಗಳು ಗಣಕಕ್ಕೆ ಏರಿಯೇ ಇಲ್ಲ, ಬೀರುವಿನಲ್ಲಿ ಧೂಳು ಹೊದ್ದು ಮಲಗಿವೆ. ಈಗಂತೂ ಕೇಳಿದ್ದನ್ನು ಕ್ಷಣದಲ್ಲಿ ಬೇರೆ ಮಾತಿನಲ್ಲಿ ಬರೆದುಕೊಡುವ ಯಂತ್ರಗಳೂ ಬಂದಿವೆ. ಆ ಅಜ್ಜಿಯ ಹಾಡು ಯಾವ ತಂತ್ರಾಂಶದ ಭಂಡಾರದಲ್ಲಿದೆ? ಅವಳಿಗೆ ಆದ ಅನ್ಯಾಯಕ್ಕೆ ಹೋಲಿಕೆ ಶೇಕಡಾ ಸೊನ್ನೆ. ಯಂತ್ರದ ಪಾಲಿಗೆ ಆ ಹಾಡಿನ ಪುಟ ಅಪ್ಪಟ ಸ್ವಂತದ್ದು. ಆ ಸೊನ್ನೆಯನ್ನು ನೋಡಿ ‘ಇಲ್ಲ, ಇಲ್ಲೊಬ್ಬಳು ಇದ್ದಳು’ ಎನ್ನಬಲ್ಲವರು ಅವಳ ಜಗುಲಿಯ ಮೇಲೆ ಕೂತು ಉಂಡ ನೀವು ಮಾತ್ರ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಹೈಸ್ಕೂಲಿನಿಂದ ನಿಮಗೆ ನಾವು ಕಲಿಸಿದ್ದೇನು? ಗೈಡು ನೋಡಿ ಬರೆ, ನೋಟ್ಸಿನಲ್ಲಿ ಇದ್ದಂತೆ ಬರೆ, ಒಂದಕ್ಷರ ಬದಲಿಸಬೇಡ ಎಂದೆವು. ಹಾಗೇ ಬರೆದವನಿಗೆ ಪೂರ್ತಿ ಅಂಕ ಕೊಟ್ಟೆವು, ಸ್ವಂತ ಬರೆದವನ ಉತ್ತರದ ಪಕ್ಕ ಪ್ರಶ್ನೆ ಚಿಹ್ನೆ ಹಾಕಿದೆವು. ವರ್ಷಗಟ್ಟಲೆ ಹಾಗೆ ಬೆಳೆಸಿ, ಒಂದು ಬೆಳಿಗ್ಗೆ ಎದ್ದು ‘ಇನ್ನುಮೇಲೆ ಇದು ಚೌರ್ಯ’ ಎಂದರೆ ಮಗು ಎಲ್ಲಿಗೆ ಹೋಗಬೇಕು? ಎಲ್ಲಿ ಉದ್ಧರಿಸಬೇಕು, ಎಲ್ಲಿ ಸಂಗ್ರಹಿಸಿ ಹೇಳಬೇಕು, ಅಡಿಟಿಪ್ಪಣಿ ಹೇಗೆ ಹಾಕಬೇಕು ಎಂದು ಪಕ್ಕದಲ್ಲಿ ಕೂತು ಒಂದು ಗಂಟೆ ತೋರಿಸಿಕೊಟ್ಟ ಮೇಷ್ಟ್ರು ಎಷ್ಟು ಜನರಿಗೆ ಸಿಕ್ಕಿದ್ದಾರೆ? ಮೇಷ್ಟ್ರುಗಳೇ, ಅತಿಥಿ ಉಪನ್ಯಾಸಕರಾಗಿ ಎರಡು ಮೂರು ಕಾಲೇಜು ಸುತ್ತುವ ನಿಮ್ಮ ದಣಿವು ನನಗೆ ಗೊತ್ತು. ಆದರೂ ಬೇಡುತ್ತೇನೆ, ಆ ಒಂದು ಗಂಟೆ ಕೊಡಿ. ಪುಸ್ತಕ ಓದಿಸಿ. ಓದಿದ ಮೇಲೆ ಮುಚ್ಚಿಸಿ. ಮುಚ್ಚಿದ ಪುಸ್ತಕವನ್ನು ಮೇಜಿನ ಆಚೆಗೆ ಸರಿಸಿ, ‘ಈಗ ನಿನ್ನ ತಂಗಿಗೆ ಹೇಳುವ ಹಾಗೆ ಹೇಳು’ ಎನ್ನಿ. ಅವನು ತಡವರಿಸಿ ಹೇಳಿದ್ದನ್ನು ಬರೆಸಿ. ಆಮೇಲೆ ಪುಸ್ತಕ ತೆರೆಸಿ, ತಪ್ಪಾಗಿ ತಿಳಿದದ್ದನ್ನು ತಿದ್ದಿಸಿ, ಇಷ್ಟು ಕೊಟ್ಟವರ ಹೆಸರನ್ನು ಅವನ ಕೈಯಿಂದಲೇ ಕೆಳಗೆ ಬರೆಸಿ. ಹಿರಿಯರ ವಾಕ್ಯ ಬದಲಿಸಲಾಗದಷ್ಟು ಚಂದವಾಗಿದ್ದರೆ ಉದ್ಧರಣ ಚಿಹ್ನೆಯೊಳಗೆ, ಕಾಮಾ ಕೂಡ ಕದಲಿಸದೆ, ಇಡಲಿ. ಕುಂಟುವ ಪ್ರಬಂಧ ಬಂದರೆ ಅದಕ್ಕೆ ಕೊಡಬೇಕಾದ ಅಂಕ ಕೊಡಿ. ‘ಇದು ನಿನ್ನದೇ ಮಾತು ಅಂತ ಗೊತ್ತಾಯ್ತಮ್ಮಾ’ ಎಂದು ಒಂದು ಸಾಲು ಬರೆಯಿರಿ ಅದರ ಮೇಲೆ; ಆ ಸಾಲನ್ನು ಅವಳು ಮದುವೆಯ ಫೋಟೋದ ಹಾಗೆ ಕಾಪಾಡಿಕೊಳ್ಳುತ್ತಾಳೆ.

ವಿದ್ಯಾರ್ಥಿಗಳೇ, ಹೆಸರು ಬರೆದರೆ ನಿಮ್ಮ ಪ್ರಬಂಧ ಬಡವಾಗುತ್ತದೆ, ‘ಎಲ್ಲವೂ ಬೇರೆಯವರದ್ದೇ’ ಎಂದಾರು ಎಂಬ ಅಂಜಿಕೆ ನಿಮ್ಮಲ್ಲಿದೆ. ಅನ್ನಲಿ ಬಿಡಿ. ಜಾತ್ರೆಗೆ ಹೋಗಿ ಬಂದವರು ಯಾರ ಯಾರನ್ನು ಕಂಡೆ ಎಂದು ಹೇಳುವಾಗ ಅವರ ದನಿ ಸಣ್ಣದಾಗುತ್ತದೆಯೆ? ಅಡಿಟಿಪ್ಪಣಿ ಎಂದರೆ ನೀವು ಯಾರ ಯಾರ ಮನೆಗೆ ಹೋಗಿ ಬಂದಿರಿ ಎಂಬ ಪಟ್ಟಿ. ಅಷ್ಟು ಮನೆಯವರು ಬಾಗಿಲು ತೆರೆದರು, ಕೂರಿಸಿದರು, ಬಡಿಸಿದರು. ಉಂಡವರು ಯಾರ ಮನೆಯಲ್ಲಿ ಉಂಡೆವೆಂದು ಹೇಳಬೇಕು. ಪುಸ್ತಕ ಬರೆದು ತೀರಿಹೋದವರ ಹೆಸರು ಹೇಳಿ. ನಿಮಗಿಂತ ಮೂರು ವರ್ಷ ಮೊದಲು ಅದೇ ಊರಿಗೆ ನಡೆದುಹೋಗಿ ಟಿಪ್ಪಣಿ ಮಾಡಿದ, ಪ್ರಬಂಧ ಅಚ್ಚಾಗದೇ ಉಳಿದ ಆ ಸೀನಿಯರ್‌ನ ಹೆಸರು ಹೇಳಿ. ತರಗತಿಯಲ್ಲಿ ಮಾತಿನ ನಡುವೆ ಒಂದು ಹೊಳಹು ಕೊಟ್ಟ ಗೆಳತಿಯ ಹೆಸರು ಹೇಳಿ. ಎಲ್ಲಕ್ಕಿಂತ ಮೊದಲು, ಓದಲಾರದವರ ಹೆಸರು ಹೇಳಿ. ಉಳಿದವರು ತಮ್ಮ ಹೆಸರನ್ನು ತಾವೇ ಹುಡುಕಿಕೊಂಡಾರು.

ಅಜ್ಜಿಯ ಹೆಸರು ಕೇಳದೆ ಬಂದಿದ್ದ ಆ ಹುಡುಗ ಈಗ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾನೆ. ಹೋದ ವರ್ಷ ಫೋನು ಮಾಡಿದ್ದ. ಆ ಊರಿಗೆ ಹೋಗಿ ಬಂದನಂತೆ. ಮನೆಗೆ ಬೀಗ ಹಾಕಿತ್ತಂತೆ. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಗ ಬೆಂಗಳೂರು ಸೇರಿದ್ದ. ಪಕ್ಕದ ಮನೆಯವರನ್ನು ಅಜ್ಜಿಯ ಹೆಸರು ಕೇಳಿದನಂತೆ. ಅವರು ತುಸು ಹೊತ್ತು ಯೋಚಿಸಿ, “ನಾವೆಲ್ಲ ದೊಡ್ಡವ್ವ ಅಂತಿದ್ವಿ” ಎಂದರಂತೆ. “ಓಟಿನ ಚೀಟಿಲಿ ಇರ್ಬೇಕು ನೋಡಿ, ಹೆಸರು.” ಅವನು ಪಂಚಾಯತಿ ಕಚೇರಿಗೆ ಹೋಗಿ ಹಳೆಯ ಮತದಾರರ ಪಟ್ಟಿ ಹುಡುಕಿಸಿದ. ಸಿಕ್ಕಿತು. ನಮ್ಮ ಗ್ರಂಥಾಲಯಕ್ಕೆ ಬಂದು, ಕೆಂಪು ರಟ್ಟಿನ ಆ ಪ್ರಬಂಧವನ್ನು ಕೇಳಿ ಪಡೆದು, ಆ ಹಾಡಿನ ಕೆಳಗೆ ನೀಲಿ ಮಸಿಯಲ್ಲಿ ಹೆಸರನ್ನು ಬರೆದು ಹೋದ. ಗ್ರಂಥಾಲಯದ ಪುಸ್ತಕದಲ್ಲಿ ಬರೆಯುವಂತಿಲ್ಲ ಎಂದು ಯಾರೂ ಅವನನ್ನು ತಡೆಯಲಿಲ್ಲ.

ನಿಮ್ಮ ಹಾಡಿನ ಕೆಳಗೆ ಆ ಜಾಗ ಇನ್ನೂ ಖಾಲಿ ಇದೆ. ಒಪ್ಪಿಸುವ ದಿನ ಇನ್ನೂ ಬಂದಿಲ್ಲ, ಹೇಳಿದವರು ಇನ್ನೂ ಬದುಕಿದ್ದಾರೆ, ಆ ಊರಿಗೆ ಬೆಳಗಿನ ಬಸ್ಸು ಇದೆ. ಹೋಗಿ, ಜಗುಲಿಯ ಮೇಲೆ ಕೂತು, ಹೆಸರು ಕೇಳಿ ಬನ್ನಿ.